ಅಪ್ಪಯ್ಯ ಹೋದ ಸುದ್ದಿ ಅತ್ತೆಗೆ ಕಾಗದದಲ್ಲಿ ಹೇಗೆ ಬರೆಯಲಿ?

ತೋಟದಮನೆ:

ಎಲ್ಲರಿಗೂ ನಮಸ್ಕಾರ. ಇಲ್ಲಿ ಹಳೇ ಕಾಗದ ಪತ್ರಗಳ ವಿಷಯ ಗೊತ್ತಿರುವವರು ತುಂಬಾ ಜನ ಇದ್ದೀರಿ ಅಂತ ಧೈರ್ಯ ಮಾಡಿ ಕೇಳುತ್ತಿದ್ದೇನೆ.

ನಮ್ಮದು ಸಾಗರದ ಕಡೆ. ಅಪ್ಪಯ್ಯ ತೀರಿಕೊಂಡು ಇವತ್ತಿಗೆ ಹದಿನೈದು ದಿನ. 79 ವರ್ಷ ಆಗಿತ್ತು. ಮೊನ್ನೆ ವೈಕುಂಠ ಸಮಾರಾಧನೆ ಮುಗಿಯಿತು, ನೆಂಟರೆಲ್ಲ ಹೊರಟರು. ಆದರೆ ಅಪ್ಪಯ್ಯನ ಅಕ್ಕನಿಗೆ, ಅಂದರೆ ನನ್ನ ಸೋದರತ್ತೆಗೆ, ಇನ್ನೂ ಸುದ್ದಿ ಗೊತ್ತಿಲ್ಲ. ಅವರಿಗೆ 86. ಮುಂಬೈನ ಮಾಟುಂಗದಲ್ಲಿ ಮಗನ ಜೊತೆ ಇದ್ದಾರೆ. ಎರಡು ತಿಂಗಳ ಹಿಂದೆ ಬಿದ್ದು ಸೊಂಟದ ಆಪರೇಷನ್ ಆಗಿದೆ. ಕಿವಿ ಪೂರ್ತಿ ಹೋಗಿದೆ, ಫೋನಿನಲ್ಲಿ ಮಾತಾಡುವುದು ಸಾಧ್ಯವೇ ಇಲ್ಲ. ಕಣ್ಣು ಮಾತ್ರ ಚೆನ್ನಾಗಿದೆ. ಅಪ್ಪಯ್ಯ ತಿಂಗಳಿಗೊಂದು ಇನ್‌ಲ್ಯಾಂಡ್ ಬರೆಯುತ್ತಿದ್ದರು, ಅತ್ತೆ ಉತ್ತರ ಬರೆಯುತ್ತಿದ್ದರು. ನನಗೆ ಬುದ್ಧಿ ಬಂದಾಗಿನಿಂದ ಇದು ತಪ್ಪಿದ್ದಿಲ್ಲ.

ಭಾವ, ಅಂದರೆ ಅತ್ತೆಯ ಮಗ, ಹೇಳುವುದು, ಈಗ ತಿಳಿಸುವುದು ಬೇಡ, ಅಮ್ಮ ತಡೆದುಕೊಳ್ಳುವುದಿಲ್ಲ, ಓಡಾಡುವ ಹಾಗಾಗಲಿ ಅಂತ. ಆದರೆ ಅತ್ತೆ ದಿನಾ ಬೆಳಿಗ್ಗೆ "ತಮ್ಮನ ಕಾಗದ ಬಂತಾ?" ಅಂತ ಕೇಳುತ್ತಾರಂತೆ. ಇದನ್ನೂ ಭಾವನೇ ಹೇಳಿದ್ದು. ನನ್ನ ತಮ್ಮ ಅನ್ನುತ್ತಾನೆ, ಅಪ್ಪಯ್ಯನ ಫೋಟೋ ಹಾಕಿರುವ ಕಾರ್ಡನ್ನೇ ವಾಟ್ಸಾಪ್ ಮಾಡೋಣ, ಭಾವ ತೋರಿಸಲಿ ಅಂತ. ನನಗೆ ಅದು ಮನಸ್ಸಿಗೆ ಒಗ್ಗುತ್ತಿಲ್ಲ. ಅರವತ್ತು ವರ್ಷ ಕಾಗದದಲ್ಲೇ ಬೆಳೆದ ಸಂಬಂಧ ಅದು. ಕೊನೆಯ ಸುದ್ದಿಯೂ ಕಾಗದದಲ್ಲೇ ಹೋಗಬೇಕು ಅನ್ನಿಸುತ್ತದೆ.

ಇನ್ನೊಂದು ವಿಷಯ. ಅಪ್ಪಯ್ಯನ ಟ್ರಂಕಿನಲ್ಲಿ ಅತ್ತೆಯ ಕಾಗದಗಳೆಲ್ಲ ವರ್ಷದ ಪ್ರಕಾರ ಬಾಳೆನಾರಿನಲ್ಲಿ ಕಟ್ಟಿಟ್ಟದ್ದು ಸಿಕ್ಕಿತು. ಅದರ ಮಧ್ಯೆ ಒಂದು ಪೋಸ್ಟ್‌ಕಾರ್ಡ್, ಮೂಲೆ ಹರಿದದ್ದು. 1981ರಲ್ಲಿ ಅತ್ತೆಯ ಗಂಡ ತೀರಿಕೊಂಡಾಗ ಅವರ ಮೈದುನ ಬರೆದದ್ದು. ನಾಲ್ಕೇ ಸಾಲು. ಅಣ್ಣ ನಿನ್ನೆ ದೈವಾಧೀನರಾದರು, ಕ್ರಿಯೆಗಳು ಇಲ್ಲಿಯೇ ನಡೆಯುತ್ತವೆ, ತಮಗೆ ತಿಳಿದಿರಲಿ ಅಂತ. ಕೆಳಗೆ ಅಪ್ಪಯ್ಯ ಪೆನ್ಸಿಲಿನಲ್ಲಿ ಕಾರ್ಡು ತಲುಪಿದ ತಾರೀಕು ಬರೆದಿದ್ದಾರೆ. ಒಂಬತ್ತು ದಿನ ಆಗಿತ್ತು. ಇಂಥ ಕಾರ್ಡನ್ನು ಮನೆಯಲ್ಲಿ ಇಟ್ಟುಕೊಳ್ಳಬಾರದು, ಓದಿದ ಕೂಡಲೇ ಹರಿದು ಹಾಕಬೇಕು ಅಂತ ಅಮ್ಮ ಹೇಳುತ್ತಾರೆ. ಅಪ್ಪಯ್ಯ ಯಾಕೆ ಇಟ್ಟುಕೊಂಡರೋ ಗೊತ್ತಿಲ್ಲ.

ಮತ್ತೆ ಅಪ್ಪಯ್ಯನ ಮೇಜಿನ ಮೇಲೆ ಅತ್ತೆಗೆ ಅರ್ಧ ಬರೆದ ಇನ್‌ಲ್ಯಾಂಡ್ ಇದೆ. "ಅಕ್ಕಯ್ಯನಿಗೆ ನಮಸ್ಕಾರಗಳು. ಉಭಯ ಕುಶಲೋಪರಿ" ಅಂತ ಶುರುವಾಗಿದೆ. ಅಡಿಕೆ ಕೊನೆ ಕೊಯ್ಲಿಗೆ ಮರ ಹತ್ತುವ ಕೊನೆಗೌಡ ಸಿಗದೆ ತಡವಾದದ್ದು, ಮಳೆಗಾಲದ ಕೊಳೆರೋಗದಿಂದ ಈ ಸಲ ಫಸಲು ಕಡಿಮೆ ಆದದ್ದು, ಇಷ್ಟು ಬರೆದು "ನಿನ್ನ ಕಾಲು ನೋವು" ಅನ್ನುವಲ್ಲಿ ನಿಂತಿದೆ.

ನನ್ನ ಪ್ರಶ್ನೆಗಳು: ತಿಳಿಸಬೇಕಾ ಬೇಡವಾ? ತಿಳಿಸುವುದಾದರೆ ಹೇಗೆ ಬರೆಯುತ್ತಿದ್ದರು ಹಿಂದಿನವರು, ಎಲ್ಲಿಂದ ಶುರು ಮಾಡುತ್ತಿದ್ದರು? ಆ ಅರ್ಧ ಕಾಗದವನ್ನು ಕಳಿಸಲಾ? ನಾನು ನಾಲ್ಕು ದಿನದಿಂದ ಹಾಳೆ ಎದುರಿಟ್ಟುಕೊಂಡು ಕೂರುತ್ತಿದ್ದೇನೆ. ಒಂದು ಸಾಲೂ ಬರುತ್ತಿಲ್ಲ.

ಹಳೇ ಅಂಚೆಯವನು:

ತಂಗೀ, ನಿಮ್ಮ ತಂದೆಯವರ ಆತ್ಮಕ್ಕೆ ಸದ್ಗತಿ ಸಿಗಲಿ.

ನಾನು ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ 34 ವರ್ಷ ಕಾಗದ ಹಂಚಿದವನು. ಬೆಳಿಗ್ಗೆ ಟಪ್ಪಾಲು ಚೀಲ ಬಿಚ್ಚಿ ಸುರಿದಾಗ ನಮ್ಮ ಕೈ ಮೊದಲು ಹುಡುಕುತ್ತಿದ್ದದ್ದು ಎರಡನ್ನೇ. ಅಂಚಿಗೆ ಅರಿಶಿನ ಹಚ್ಚಿದ್ದು ಮತ್ತು ಮೂಲೆ ಹರಿದದ್ದು. ಅರಿಶಿನದ್ದು ಕೊಡುವಾಗ ಬಾಗಿಲಲ್ಲೇ ಕೂಗಿ ಕೊಡುತ್ತಿದ್ದೆವು, ಬೆಲ್ಲವೋ ಕಾಫಿಯೋ ಸಿಗುತ್ತಿತ್ತು. ಮೂಲೆ ಹರಿದದ್ದನ್ನು ಕೂಗಿ ಕೊಡುತ್ತಿರಲಿಲ್ಲ. ಮನೆಯ ಗಂಡಸರನ್ನು ಹೊರಗೆ ಕರೆದು, ಸೈಕಲ್ ಸ್ಟ್ಯಾಂಡ್ ಹಾಕಿ, ಪಕ್ಕದಲ್ಲೇ ನಿಂತು ಕೊಡುತ್ತಿದ್ದೆ. ಓದಲು ಬಾರದವರಿಗೆ ನಾನೇ ಓದಿ ಹೇಳಬೇಕಾಗುತ್ತಿತ್ತು. ಒಳಗೆ ಒಯ್ಯುತ್ತಿರಲಿಲ್ಲ. ಓದಿ, ಹರಿದು, ಬೇಲಿಯ ಆಚೆ ಹಾಕಿ, ಬಚ್ಚಲಿಗೆ ಹೋಗಿ ತಲೆಗೆ ನೀರು ಹಾಕಿಕೊಂಡೇ ಒಳಗೆ ಹೋಗುತ್ತಿದ್ದರು. ಮೂಲೆ ಯಾಕೆ ಹರಿಯುತ್ತಿದ್ದರು ಅಂದರೆ ನನಗೆ ಕಂಡ ಮಟ್ಟಿಗೆ ಒಂದೇ ಕಾರಣ. ಅಕ್ಷರ ಓದುವ ಮೊದಲೇ ಕೈಗೆ ಗೊತ್ತಾಗಲಿ ಅಂತ. ಮನಸ್ಸು ಗಟ್ಟಿ ಮಾಡಿಕೊಳ್ಳಲು ಒಂದು ಗಳಿಗೆ ಸಿಗಲಿ ಅಂತ. ತಂತಿ, ಅಂದರೆ ಟೆಲಿಗ್ರಾಂ, ಬಂದರೆ ಆ ಗಳಿಗೆಯೂ ಸಿಗುತ್ತಿರಲಿಲ್ಲ, "ಫಾದರ್ ಸೀರಿಯಸ್, ಸ್ಟಾರ್ಟ್ ಇಮ್ಮೀಡಿಯಟ್ಲಿ" ಅಂತ ಇದ್ದರೆ ಹೋಗಿಬಿಟ್ಟಿದ್ದಾರೆ ಅಂತಲೇ ಅರ್ಥ ಮಾಡಿಕೊಂಡು ಅಳಲು ಶುರು ಮಾಡುತ್ತಿದ್ದರು. 2013ರ ಜುಲೈನಲ್ಲಿ ತಂತಿ ನಿಂತಿತು. ಅದರ ಭಯ ಮಾತ್ರ ನಮ್ಮ ವಯಸ್ಸಿನವರಿಗೆ ಇನ್ನೂ ಹೋಗಿಲ್ಲ.

ಮುಚ್ಚಿಡುವ ವಿಷಯಕ್ಕೆ ಒಂದು ಘಟನೆ ಹೇಳುತ್ತೇನೆ. ಒಂದು ಮನೆಯಲ್ಲಿ ಮಗಳ ಮದುವೆಗೆ ಚಪ್ಪರ ಹಾಕಿದ್ದರು. ಆ ಹೊತ್ತಿಗೆ ಮನೆಯೊಡತಿಯ ತವರಿನಿಂದ ಮೂಲೆ ಹರಿದ ಕಾರ್ಡು ಬಂತು, ಅವಳ ತಾಯಿ ಹೋಗಿದ್ದರು. ನಾನು ಯಜಮಾನನ ಕೈಗೆ ಕೊಟ್ಟೆ. ಅವನು ಓದಿ, ನನ್ನ ಮುಖ ನೋಡಿ, ಕಾರ್ಡನ್ನು ಕೊಟ್ಟಿಗೆಯ ಸೂರಿಗೆ ಸಿಕ್ಕಿಸಿದ. ಮದುವೆ ಚೆನ್ನಾಗಿ ಆಯಿತು. ಆಮೇಲೆ ಹೇಳೋಣ ಹೇಳೋಣ ಅಂತ ಒಂದು ತಿಂಗಳು ಕಳೆಯಿತು, ಕೊನೆಗೆ ಆ ಮನೆಯೊಡತಿ ಸೂರಿನಿಂದ ಕುಡುಗೋಲು ತೆಗೆಯಲು ಹೋದಾಗ ಕಾರ್ಡು ಕೈಗೆ ಸಿಕ್ಕಿತು. ಅವಳಿಗೆ ಓದಲು ಬರುತ್ತಿರಲಿಲ್ಲ. ಹರಿದ ಮೂಲೆ ನೋಡಿದಳು, ಸಾಕಾಯಿತು. ಅವಳು ನನ್ನನ್ನು ದಾರಿಯಲ್ಲಿ ನಿಲ್ಲಿಸಿ ಕೇಳಿದ ಮಾತು ಈಗಲೂ ಕಿವಿಯಲ್ಲಿದೆ: "ಅಣ್ಣಾ, ನಾನು ಒಂದು ತಿಂಗಳು ನಗಾಡಿಕೊಂಡು ಓಡಾಡಿದೆನಲ್ಲ, ನಿನಗೂ ಗೊತ್ತಿತ್ತಲ್ಲ."

ಅದಕ್ಕೇ ಹೇಳುತ್ತೇನೆ, ಬರೆಯಿರಿ. ಸ್ಪೀಡ್ ಪೋಸ್ಟಿನಲ್ಲಿ ಹಾಕಿ, ಎಲ್ಲಿ ಬಂತು ಅಂತ ನೋಡಬಹುದು. ತಲುಪುವ ದಿನ ನಿಮ್ಮ ಭಾವ ಮನೆಯಲ್ಲೇ ಇರಲಿ. ಅವರು ಒಪ್ಪುವವರೆಗೆ ಮಾತ್ರ ಕಳಿಸಬೇಡಿ. ನೋಡಿಕೊಳ್ಳುವವರು ಅವರು ತಾನೆ.

ಮೈಸೂರು ಮಲ್ಲಿಗೆ:

ನಾನು ಬೇರೆ ಥರ ಹೇಳಬೇಕಾಗಿದೆ, ಬೇಜಾರು ಮಾಡಿಕೊಳ್ಳಬೇಡಿ. ನಮ್ಮ ಅಜ್ಜಿಗೆ ಮಗ ಹೋದ ಸುದ್ದಿ ಹೇಳಿದೆವು. ಅವರಿಗೆ ಮರೆವು ಜಾಸ್ತಿ ಆಗಿತ್ತು. ಮರುದಿನ ಮತ್ತೆ "ಮಗ ಎಲ್ಲಿ?" ಅಂದರು, ಮತ್ತೆ ಹೇಳಿದೆವು, ಮತ್ತೆ ಮೊದಲ ಸಲ ಕೇಳಿದ ಹಾಗೇ ಎದೆ ಹೊಡೆದುಕೊಂಡು ಅತ್ತರು. ಹೀಗೆ ಮೂರು ದಿನ. ನಾಲ್ಕನೇ ದಿನ ನನ್ನ ಅಮ್ಮ "ಕೆಲಸಕ್ಕೆ ಹೋಗಿದ್ದಾನೆ, ಸಂಜೆ ಬರ್ತಾನೆ" ಅಂದರು. ಅಜ್ಜಿ ತಲೆ ಆಡಿಸಿ ಸುಮ್ಮನಾದರು. ಆಮೇಲೆ ಅವರು ಇರುವವರೆಗೂ ಅದನ್ನೇ ಹೇಳಿದೆವು. ಅದು ಸುಳ್ಳು ಅಂತ ನನಗೆ ಇವತ್ತಿಗೂ ಅನ್ನಿಸುವುದಿಲ್ಲ. ನಿಮ್ಮ ಅತ್ತೆಗೆ ನೆನಪು ಹೇಗಿದೆ ಅನ್ನುವುದರ ಮೇಲೆ ಇದೆ.

ತೋಟದಮನೆ:

ಇಲ್ಲ, ಅತ್ತೆಯ ನೆನಪು ಚುರುಕಾಗಿದೆ. ನನ್ನ ಮಗಳ ಪರೀಕ್ಷೆ ಯಾವ ತಾರೀಕಿಗೆ ಅಂತ ನನಗಿಂತ ಅವರಿಗೇ ಸರಿಯಾಗಿ ಗೊತ್ತು. ನಿಮ್ಮ ಅಜ್ಜಿಯ ವಿಷಯ ಓದಿ ಕಣ್ಣು ತುಂಬಿ ಬಂತು. ನಿಮ್ಮ ಅಮ್ಮ ಮಾಡಿದ್ದು ಸರಿ.

ಸಾಧನಕೇರಿ ದಾರಿ:

ಧಾರವಾಡದಿಂದ ಬರೀತಾ ಇದೀನಿ. ಅಕ್ಕಾ, ನಮ್ಮ ಲಿಂಗಾಯತರ ಮನೆಗಳಲ್ಲಿ ಸಾವಿನ ಕಾಗದದಲ್ಲಿ "ತೀರಿಕೊಂಡರು" ಅಂತ ಬರೆಯೋದು ಕಡಿಮೆ. "ಲಿಂಗೈಕ್ಯರಾದರು" ಅಂತಾರೆ. ಕಾರ್ಡು ಹಾಕಿಸಿದರೆ "ಶಿವಗಣಾರಾಧನೆ" ಅಂತ ಹಾಕಿಸ್ತಾರೆ. ಸೂತಕ ಹಿಡಿಯಬಾರದು ಅಂತಲೇ ಶರಣರು ಹೇಳಿದ್ದು, ಮರಣವೇ ಮಹಾನವಮಿ ಅನ್ನೋ ಮಾತು ನಮ್ಮಲ್ಲಿ ಹಿರಿಯರ ಬಾಯಲ್ಲಿ ಈಗಲೂ ಬರುತ್ತೆ. ಆದರೂ ಮೂಲೆ ಹರಿದೇ ಕಳಿಸುತ್ತಿದ್ದರು ನಮ್ಮಲ್ಲಿಯೂ. ನಮ್ಮ ಅಪ್ಪಾಜಿ ಹೋದಾಗ ಒಂದು ಕಡೆ ಮಹಾನವಮಿ ಅಂತ ಬಾಯಲ್ಲಿ ಹೇಳಿಕೋತ, ಇನ್ನೊಂದು ಕಡೆ ಅವರ ರುಮಾಲು ಹಿಡಿದು ಅಳೋದು, ಎರಡೂ ಆಯಿತು. ಎರಡೂ ಖರೇನೇ.

ನಾನು ಒಂದು ಬೇರೆ ಮಾತು ಹೇಳಬೇಕು. ದಯವಿಟ್ಟು ಇದನ್ನು ನೆನಪಿಡಿ. ನಮ್ಮ ಕಡೆ ಹಳೇ ಕಾಗದಗಳಲ್ಲಿ ಮುತ್ತೈದೆಯರ ಹೆಸರಿನ ಹಿಂದೆ "ಸೌ||" ಅಂತ ಇರುತ್ತಿತ್ತು, ಸೌಭಾಗ್ಯವತಿ ಅಂತ. ಗಂಡ ಹೋದ ಮೇಲೆ ಅದು ಹೋಗಿ "ಗಂ.ಭಾ." ಬರುತ್ತಿತ್ತು, ಗಂಗಾ ಭಾಗೀರಥಿ. ಮರ್ಯಾದೆಗೆ ಅಂತಲೇ ಬರೆಯುತ್ತಿದ್ದರು, ಕೆಟ್ಟ ಮನಸ್ಸಿನಿಂದ ಅಲ್ಲ. ಆದರೆ ನನ್ನ ಅವ್ವ ವಿಧವೆಯಾದ ಹದಿನೆಂಟನೇ ದಿನಕ್ಕೆ ಬಂದ ಸಾಂತ್ವನದ ಕಾಗದದ ಮೇಲೆ, ವಿಳಾಸದಲ್ಲೇ, ಎಲ್ಲರಿಗೂ ಕಾಣೋ ಹಾಗೆ, ಆ ಎರಡು ಅಕ್ಷರ ಇತ್ತು. ಅವ್ವ ಅದನ್ನು ತೆರೆಯಲೇ ಇಲ್ಲ. ಒಳಗೆ ಏನು ಬರೆದಿದ್ದರು ಅಂತ ನಮಗೆ ಇವತ್ತಿಗೂ ಗೊತ್ತಿಲ್ಲ. ಅವ್ವನ ಪೆಟ್ಟಿಗೆಯಲ್ಲಿ ಹಾಗೇ ಅಂಟಿಸಿದಂತೇ ಇದೆ. ನಿಮ್ಮ ಅಮ್ಮನಿಗೆ ಈಗ ಕಾಗದಗಳು ಬರುತ್ತವೆ. ಮೇಲಿನ ವಿಳಾಸ ಒಮ್ಮೆ ನೀವು ನೋಡಿ ಕೊಡಿ.

ಮತ್ತೆ ಬರೆಯೋದು ಹೇಗೆ ಅಂತ ಕೇಳಿದ್ದಿರಿ. ಹಿರಿಯರು "ಉಭಯ ಕುಶಲೋಪರಿ" ಬಿಟ್ಟು ನೇರವಾಗಿ ವಿಷಯಕ್ಕೆ ಬರುತ್ತಿದ್ದರು. ಮೇಲೆ "ಶ್ರೀ" ಕೂಡ ಹಾಕುತ್ತಿರಲಿಲ್ಲ. ಆ ಮೇಲಿನ ಜಾಗ ಖಾಲಿ ಇದ್ದರೇ ಅತ್ತೆಗೆ ಅರ್ಥ ಆಗುತ್ತೆ ನೋಡಿ.

ಕಡಲ ಬದಿ:

ನಾನು ಮಂಗಳೂರಿನ ಬ್ಯಾರಿ. 1994ರಲ್ಲಿ ಸೌದಿಯ ದಮ್ಮಾಮಿನಲ್ಲಿ ಕೆಲಸಕ್ಕಿದ್ದೆ. ಆಗ ನಮ್ಮ ಊರಲ್ಲಿ ಫೋನ್ ಇದ್ದದ್ದು ಒಂದೇ ಅಂಗಡಿಯಲ್ಲಿ, ಅಂಗಡಿಗೆ ಮಾಡಿದರೆ ಮನೆಯವರನ್ನು ಕರೆಸಲು ಅರ್ಧ ಗಂಟೆ ಬೇಕು, ಅಲ್ಲಿಂದ ಮಾತಾಡುವ ದುಡ್ಡಿಗೆ ಒಂದು ವಾರದ ಊಟ ಆಗುತ್ತಿತ್ತು. ಹಾಗಾಗಿ ಎಲ್ಲ ಕಾಗದದಲ್ಲೇ. ಊರಿಂದ ಯಾರಾದರೂ ಬರುವವರಿದ್ದರೆ ಅವರ ಕೈಯಲ್ಲಿ ಕೊಡುತ್ತಿದ್ದರು, ಅಂಚೆಗಿಂತ ಬೇಗ ಬರುತ್ತಿತ್ತು.

ನಮ್ಮ ಉಮ್ಮ ತೀರಿಕೊಂಡ ಸುದ್ದಿ ನನಗೆ ಹತ್ತೊಂಬತ್ತನೇ ದಿನ ಸಿಕ್ಕಿತು. ನಾನು ಆ ಹತ್ತೊಂಬತ್ತು ದಿನದಲ್ಲಿ ಉಮ್ಮನಿಗೆ ಎರಡು ಕಾಗದ ಬರೆದು ಹಾಕಿದ್ದೆ, ಸೀರೆ ತೆಗೆದುಕೊಂಡಿದ್ದೇನೆ ಅಂತ. ಅಣ್ಣನ ಕಾಗದ ಬಿಚ್ಚಿದರೆ ಮೊದಲ ಸಾಲೇ "ಇನ್ನಾ ಲಿಲ್ಲಾಹಿ ವ ಇನ್ನಾ ಇಲೈಹಿ ರಾಜಿಊನ್". ನಾವು ಅಲ್ಲಾಹನವರು, ಅವನ ಕಡೆಗೇ ಮರಳುವವರು ಅಂತ. ಕುರ್‌ಆನಿನ ಎರಡನೇ ಅಧ್ಯಾಯದ ಮಾತು. ಸಾವಿನ ಸುದ್ದಿ ಕೇಳಿದ ಕೂಡಲೇ ನಾವು ಹೇಳುವುದು ಅದನ್ನೇ. ನಾನು ಎರಡನೇ ಸಾಲಿಗೆ ಹೋಗುವ ಮೊದಲೇ ಬಾಯಿ ತಾನಾಗಿ ಅದನ್ನೇ ಹೇಳಿತು. ಯಾರು ಅಂತ ಇನ್ನೂ ಓದಿರಲಿಲ್ಲ. ಅಂಚೆಯವರು ಮೂಲೆ ಹರಿಯುವುದರ ಬಗ್ಗೆ ಬರೆದದ್ದು ಓದಿದಾಗ ಅದೇ ನೆನಪಾಯಿತು. ಆ ಒಂದು ಸಾಲು ನನ್ನನ್ನು ಹಿಡಿದು ನಿಲ್ಲಿಸಿತು, ಆಮೇಲೆ ಸುದ್ದಿ ಹೇಳಿತು.

ಅಣ್ಣ ಐದು ಪುಟ ಬರೆದಿದ್ದ. ಅವನು ಬರೆಯುವವನೇ ಅಲ್ಲ, ಮೀನಿನ ವ್ಯಾಪಾರ ಅವನದು. ಆದರೆ ಒಂದೂ ಬಿಡದೆ ಬರೆದಿದ್ದ. ಸಂಜೆಯ ಮಗ್ರಿಬ್ ನಮಾಝ್ ಆದ ಮೇಲೆ ಉಮ್ಮ ಗಂಜಿ ಬೇಡ ಅಂದದ್ದು, ನೀರು ಕೇಳಿದ್ದು, ಯಾರು ಬಾಯಿಗೆ ನೀರು ಬಿಟ್ಟರು, ಯಾರ ತೊಡೆಯ ಮೇಲೆ ತಲೆ ಇತ್ತು, ಸ್ನಾನ ಮಾಡಿಸಿದವರು ಯಾರ್‍ಯಾರು, ಕಫನ್ ಬಟ್ಟೆ ಎಲ್ಲಿಂದ ತಂದರು, ಮಳೆ ಇತ್ತು, ಕಬರಸ್ಥಾನದ ದಾರಿಯಲ್ಲಿ ಕಾಲು ಹೂಳುತ್ತಿತ್ತು, ನಿನ್ನ ಪಾಲಿನ ಮೂರು ಹಿಡಿ ಮಣ್ಣು ನಾನೇ ಹಾಕಿದೆ ಅಂತ. ನನ್ನ ಹೆಸರು ಹೇಳಿ ಹಾಕಿದನಂತೆ. ನಾನು ಬಂದಿದ್ದರೂ ಮುಖ ನೋಡಲು ಸಿಗುತ್ತಿರಲಿಲ್ಲ, ನಮ್ಮಲ್ಲಿ ಬೇಗ ದಫನ್ ಮಾಡುತ್ತಾರೆ. ಆದರೆ ಆ ಕಾಗದ ಓದಿದ ಮೇಲೆ ನಾನು ಅಲ್ಲಿ ಇರಲಿಲ್ಲ ಅಂತ ನನಗೆ ಅನ್ನಿಸುವುದಿಲ್ಲ. ಆ ಶುಕ್ರವಾರ ಜುಮಾ ಆದ ಮೇಲೆ ರೂಮಿನ ಹುಡುಗರೆಲ್ಲ ಸೇರಿ ಗಾಯಿಬ್ ನಮಾಝ್ ಮಾಡಿದೆವು. ಮಯ್ಯತ್, ಅಂದರೆ ತೀರಿಕೊಂಡವರ ದೇಹ, ಎದುರಿಗೆ ಇಲ್ಲದಿದ್ದರೂ ದೂರದಿಂದ ಮಾಡುವ ನಮಾಝ್ ಅದು.

ನಿಮ್ಮ 1981ರ ಕಾರ್ಡಿನಲ್ಲಿ ನಾಲ್ಕೇ ಸಾಲು ಇತ್ತು ಅಂದಿರಿ. ಅದರಲ್ಲಿ ಇಲ್ಲದ್ದೆಲ್ಲ ನಿಮ್ಮ ಕಾಗದದಲ್ಲಿ ಇರಲಿ ತಂಗಿ. ಯಾರ ಕೈ ಹಿಡಿದಿದ್ದರು, ಕೊನೆಗೆ ಏನು ತಿಂದರು, ಏನು ಮಾತಾಡಿದರು. ದೂರದಲ್ಲಿರುವವರು ರಾತ್ರಿ ಮಲಗಿದಾಗ ಕೇಳಿಕೊಳ್ಳುವುದು ಅದನ್ನೇ. ದೊಡ್ಡ ದೊಡ್ಡ ಮಾತು ಬೇಡ, ದೇವರ ಮಾತು ಒಂದು ಸಾಲು ಮೊದಲಿಗೆ ಇದ್ದರೆ ಸಾಕು.

ಶಾಸನ ಓದುವ ಮೇಷ್ಟ್ರು:

ಮೇಲಿನವರ ಮಾತು ಓದಿ ಒಂದು ಕಲ್ಲು ನೆನಪಾಯಿತು. ತಿ. ನರಸೀಪುರ ತಾಲ್ಲೂಕಿನ ದೊಡ್ಡಹುಂಡಿಯಲ್ಲಿ ಸಿಕ್ಕ 9ನೇ ಶತಮಾನದ ಶಾಸನ. ಗಂಗರ ರಾಜ ನೀತಿಮಾರ್ಗ ಸ್ವರ್ಗಕ್ಕೆ ಹೋದ ಸುದ್ದಿ ಹೇಳುವ ಕಲ್ಲು. ರಾಜರ ಸಾವು ಅಂದರೆ ಯುದ್ಧ, ಕುದುರೆ, ಕತ್ತಿ ಕೆತ್ತಿರುತ್ತಾರೆ ಅಂದುಕೊಳ್ಳುತ್ತೇವೆ ಅಲ್ವಾ? ಇದರಲ್ಲಿ ಅದೇನೂ ಇಲ್ಲ. ರಾಜ ಮಂಚದ ಮೇಲೆ ಮಲಗಿದ್ದಾನೆ. ಸೇವಕ ಅಗರಯ್ಯ ಹತ್ತಿರ ಕೂತು ನೋಡಿಕೊಳ್ಳುತ್ತಿದ್ದಾನೆ, ಮಗ ಪಕ್ಕದಲ್ಲಿ ನಿಂತಿದ್ದಾನೆ. ಸಾವಿರದ ನೂರು ವರ್ಷಕ್ಕೂ ಹಿಂದೆ ಕಲ್ಲಿನಲ್ಲಿ ತಿಳಿಸಬೇಕು ಅನ್ನಿಸಿದ್ದೂ ಅದೇ. ಹೋಗುವಾಗ ಯಾರು ಹತ್ತಿರ ಇದ್ದರು.

ಹದಿನೈದು ದಿನ ಆಗಿಹೋಯಿತು, ತಡವಾಯಿತು ಅಂತ ಹೆದರಬೇಡಿ. ಸುದ್ದಿ ತಡವಾಗಿ ಬರುತ್ತದೆ ಅಂತ ಧರ್ಮಶಾಸ್ತ್ರಗಳಿಗೇ ಗೊತ್ತಿತ್ತು. ಮನುಸ್ಮೃತಿಯ ಐದನೇ ಅಧ್ಯಾಯದಲ್ಲಿ ಲೆಕ್ಕ ಇದೆ: ದೂರದಲ್ಲಿದ್ದವನಿಗೆ ಹತ್ತು ದಿನದ ಒಳಗೆ ಸುದ್ದಿ ಬಂದರೆ ಉಳಿದಷ್ಟು ದಿನ ಸೂತಕ, ಹತ್ತು ದಿನ ದಾಟಿದ್ದರೆ ಮೂರು ರಾತ್ರಿ, ವರ್ಷ ಕಳೆದಿದ್ದರೆ ನೀರು ಮುಟ್ಟಿದರೆ ಸಾಕು. ಇದು ದಾಯಾದಿಗಳ ಲೆಕ್ಕ. ಮದುವೆಯಾಗಿ ಹೋದ ಅಕ್ಕನಿಗೆ ಎಷ್ಟು ಅಂತ ನಿಮ್ಮ ಪುರೋಹಿತರನ್ನೇ ಕೇಳಿ. ನಾನು ಹೇಳಬೇಕೆಂದದ್ದು ಇಷ್ಟೇ. ಸುದ್ದಿ ತಲುಪಿದ ದಿನದಿಂದ ದುಃಖಕ್ಕೂ ಒಂದು ಅವಧಿ ಕೊಟ್ಟಿದ್ದಾರೆ ಹಿರಿಯರು. ನಿಮ್ಮ ಅತ್ತೆಗೆ ಆ ಅವಧಿ ಸಿಗಬೇಕು. ಕಾಗದಕ್ಕೆ ಕಾಯುತ್ತಾ ಇರುವವರಿಗೆ ಅದು ಶುರುವಾಗುವುದೇ ಇಲ್ಲವಲ್ಲ.

ಬೆಟಗೇರಿ:

ನಮ್ಮ ಕ್ರೈಸ್ತ ಮನೆಗಳಲ್ಲಿ "ಕರ್ತನಲ್ಲಿ ನಿದ್ರಿಸಿದರು" ಅಂತ ಬರೆಯುತ್ತೇವೆ. ಚಿಕ್ಕವಳಿದ್ದಾಗ ನಾನು ಅದನ್ನು ನಿಜವಾಗಿ ನಿದ್ದೆ ಅಂದುಕೊಂಡು, ನಮ್ಮ ಅಜ್ಜನ ಸಮಾಧಿ ಹತ್ತಿರ ಗಲಾಟೆ ಮಾಡಬಾರದು ಅಂತ ಮೆಲ್ಲಗೆ ನಡೆಯುತ್ತಿದ್ದೆ. ಈಗ ನನಗೆ ಐವತ್ತು ವರ್ಷ. ಈಗಲೂ ಮೆಲ್ಲಗೇ ನಡೆಯುತ್ತೇನೆ. ಪುನರುತ್ಥಾನದ ಮೇಲೆ ನಂಬಿಕೆ ಇರುವುದರಿಂದ ಆ ಮಾತು ನಮಗೆ ಸುಮ್ನೆ ಹೇಳುವ ಮಾತಲ್ಲ.

ಆ ಅರ್ಧ ಬರೆದ ಕಾಗದದ ಬಗ್ಗೆ ಯಾರೂ ಹೇಳಲಿಲ್ಲ. ನನ್ನ ಪ್ರಕಾರ ಕಳಿಸಿ. ಅದು ನಿಮ್ಮದಲ್ಲ. ವಿಳಾಸ ಅವರದ್ದು.

ಮೈಸೂರು ಮಲ್ಲಿಗೆ:

ಆದರೆ "ಉಭಯ ಕುಶಲೋಪರಿ" ಅಂತ ಇರುವ ಕಾಗದವನ್ನು ಸಾವಿನ ಸುದ್ದಿಯ ಜೊತೆ ಒಂದೇ ಲಕೋಟೆಯಲ್ಲಿ ಇಟ್ಟರೆ ಅವರು ಯಾವುದನ್ನು ಮೊದಲು ತೆಗೆಯುತ್ತಾರೆ? ತಮ್ಮನ ಅಕ್ಷರ ನೋಡಿ ಖುಷಿಯಿಂದ ಅದನ್ನೇ ಮೊದಲು ಓದಿಬಿಟ್ಟರೆ? ದಯವಿಟ್ಟು ಇದನ್ನು ಯೋಚಿಸಿ.

ಹಳೇ ಅಂಚೆಯವನು:

ಮಲ್ಲಿಗೆಯವರು ಹೇಳಿದ್ದು ತುಂಬಾ ಸರಿ. ತಮ್ಮನ ಕಾಗದವನ್ನು ಬೇರೆ ಲಕೋಟೆಯಲ್ಲಿ ಹಾಕಿ ಅಂಟಿಸಿ, ಅದನ್ನು ನಿಮ್ಮ ಕಾಗದದ ಒಳಗೆ ಮಡಚಿಡಿ. ಮೇಲೆ "ನನ್ನದು ಓದಿ ಆದ ಮೇಲೆ" ಅಂತ ದಪ್ಪಗೆ ಬರೆಯಿರಿ.

ತೋಟದಮನೆ:

ಎಲ್ಲರಿಗೂ ಹೇಗೆ ಕೃತಜ್ಞತೆ ಹೇಳಲಿ ಗೊತ್ತಾಗುತ್ತಿಲ್ಲ. ಕಡಲ ಬದಿಯಣ್ಣ, ನಿಮ್ಮ ಅಣ್ಣ ಹಾಕಿದ ಮೂರು ಹಿಡಿ ಮಣ್ಣಿನ ವಿಷಯವನ್ನು ಅಮ್ಮನಿಗೆ ಓದಿ ಹೇಳಿದೆ. ಅಮ್ಮ ಸುಮಾರು ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ ಅವರೇ ಹೇಳಲು ಶುರು ಮಾಡಿದರು, ಆ ಬೆಳಿಗ್ಗೆ ಏನೇನು ಆಯಿತು ಅಂತ. ನನಗೂ ಗೊತ್ತಿಲ್ಲದ್ದು ಎಷ್ಟೋ ಇತ್ತು. ನಾನು ಬೆಂಗಳೂರಿನಿಂದ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತಲ್ಲ, ನಾನೂ ದೂರದವಳೇ.

ಭಾವನಿಗೆ ಫೋನ್ ಮಾಡಿ ಅಂಚೆಯಣ್ಣ ಹೇಳಿದ ಸೂರಿನ ಕಾರ್ಡಿನ ಕಥೆ ಹೇಳಿದೆ. ಅವರು ಒಂದು ದಿನ ಸಮಯ ಕೇಳಿದರು. ಮರುದಿನ ಸಂಜೆ "ಕಳಿಸು, ನಾನು ರಜೆ ಹಾಕುತ್ತೇನೆ" ಅಂದರು. ಕಾಗದ ಹೀಗೆ ಬರೆದೆ. ತಪ್ಪಿದ್ದರೆ ಹೇಳಿ, ನಾಳೆ ಬೆಳಿಗ್ಗೆ ಹಾಕುವುದು.

"ಅತ್ತೆಗೆ ನಮಸ್ಕಾರಗಳು.

ಅತ್ತೆ, ಅಪ್ಪಯ್ಯ ನಮ್ಮನ್ನು ಬಿಟ್ಟು ಹೋದರು. ಇದನ್ನು ನಿಮಗೆ ಇಷ್ಟು ದಿನ ತಿಳಿಸದೇ ಇದ್ದದ್ದು ನಮ್ಮ ತಪ್ಪು, ನಿಮ್ಮ ಆರೋಗ್ಯಕ್ಕೆ ಹೆದರಿ ಸುಮ್ಮನಿದ್ದೆವು. ಭಾವನ ಮೇಲೆ ಸಿಟ್ಟು ಮಾಡಬೇಡಿ.

ಹಿಂದಿನ ದಿನ ಚೆನ್ನಾಗಿಯೇ ಇದ್ದರು. ಅಂಗಳದಲ್ಲಿ ಅಡಿಕೆ ಹರವಿದ್ದೆವು, ಮೋಡ ಆಯಿತು ಅಂತ ಅವರೇ ಎದ್ದು ಬುಟ್ಟಿ ತರಲು ಹೋದರು, ಬೇಡ ಅಂದರೂ ಕೇಳಲಿಲ್ಲ. ರಾತ್ರಿ ತಂಬುಳಿ ಅನ್ನ ಎರಡು ಸಲ ಬಡಿಸಿಕೊಂಡರು. ಬೆಳಿಗ್ಗೆ ಐದಕ್ಕೆ ಎದ್ದು ಮುಖ ತೊಳೆದು, ಅಮ್ಮನ ಹತ್ತಿರ ಕಾಫಿ ಕೇಳಿದರು. ಅಮ್ಮ ಲೋಟ ತಂದಾಗ ಎದೆ ಹಿಡಿದುಕೊಂಡು ಜಗಲಿಯ ಕಂಬಕ್ಕೆ ಒರಗಿದ್ದರು. ಅಮ್ಮ ಪಕ್ಕದಲ್ಲಿ ಕೂತು ತಲೆಯನ್ನು ಹೆಗಲಿಗೆ ಇಟ್ಟುಕೊಂಡರು. ‘ತಣ್ಣಗೆ ಗಾಳಿ ಬರ್ತಾ ಇದೆ’ ಅಂದರಂತೆ. ಅಷ್ಟೇ. ಅಮ್ಮ ರಾಮ ರಾಮ ಅಂತ ಹೇಳುತ್ತಾ ಇದ್ದರು, ತುಟಿ ಆಡಿತು ಅನ್ನುತ್ತಾರೆ. ತಮ್ಮ ಗಂಗಾಜಲ ತರುವಷ್ಟರಲ್ಲಿ ಹೋಗಿದ್ದರು. ಕಾಲು ಗಂಟೆಯೂ ಆಗಲಿಲ್ಲ. ನರಳಲಿಲ್ಲ ಅತ್ತೆ.

ತೋಟದ ಕೆಳಗೆ, ಅಜ್ಜನಿಗೆ ಮಾಡಿದ ಜಾಗದಲ್ಲೇ ಮಾಡಿದೆವು. ನೀವು ಚಿಕ್ಕವರಿದ್ದಾಗ ಆಡುತ್ತಿದ್ದ ಹಲಸಿನ ಮರ ಅಲ್ಲಿಂದ ಕಾಣುತ್ತದೆ. ಮರ ಇನ್ನೂ ಇದೆ.

ಮಾವ 1981ರಲ್ಲಿ ಹೋದಾಗ ಬಂದ ಕಾರ್ಡನ್ನು ಅಪ್ಪಯ್ಯ ಇಟ್ಟುಕೊಂಡಿದ್ದರು. ಒಂಬತ್ತು ದಿನ ತಡವಾಗಿ ತಿಳಿದದ್ದು ಅವರ ಮನಸ್ಸಿನಲ್ಲಿ ಉಳಿದಿತ್ತು ಅಂತ ಕಾಣುತ್ತದೆ. ನಿಮ್ಮ ಕಾಗದಗಳೂ ಎಲ್ಲ ಇವೆ, ವರ್ಷದ ಪ್ರಕಾರ. ಒಳಗಿನ ಲಕೋಟೆಯಲ್ಲಿ ಅವರು ನಿಮಗೆ ಬರೆಯುತ್ತಿದ್ದದ್ದು ಇದೆ. ನಿಧಾನಕ್ಕೆ, ನಿಮಗೆ ಬೇಕು ಅನ್ನಿಸಿದಾಗ ತೆರೆಯಿರಿ."

ಸಾಧನಕೇರಿ ದಾರಿ:

ಒಂದಕ್ಷರವೂ ಬದಲಿಸಬೇಡಿ ಅಕ್ಕಾ. ಹಾಕಿಬಿಡಿ.

ಹಳೇ ಅಂಚೆಯವನು:

ಮೂಲೆ?

ತೋಟದಮನೆ:

ಎಂಟು ದಿನ ಆಯಿತು ಇಲ್ಲಿ ಬಂದು. ಏನಾಯಿತು ಅಂತ ನೀವೆಲ್ಲ ಕಾಯುತ್ತಿರುತ್ತೀರಿ ಅಂತ ಬರೆಯುತ್ತಿದ್ದೇನೆ.

ಅಂಚೆಯಣ್ಣ, ನನ್ನ ಹಾಳೆಯ ಮೂಲೆ ಹರಿದೆ. ಕೈ ನಡುಗಿತು. ಅಪ್ಪಯ್ಯನ ಇನ್‌ಲ್ಯಾಂಡಿನದು ಹರಿಯಲಿಲ್ಲ, ಇದ್ದ ಹಾಗೇ ಇಟ್ಟೆ.

ಕಾಗದ ಮೂರನೇ ದಿನ ತಲುಪಿತು. ಭಾವ ಪಕ್ಕದಲ್ಲೇ ಕೂತಿದ್ದರಂತೆ. ಅತ್ತೆ ಲಕೋಟೆಯ ಮೇಲೆ ನನ್ನ ಅಕ್ಷರ ನೋಡಿ "ಅವನದಲ್ಲ" ಅಂದರು. ಹಾಳೆ ಹೊರಗೆ ತೆಗೆದವರು ಬಿಚ್ಚಲಿಲ್ಲ, ಹರಿದ ಮೂಲೆಯನ್ನು ಹೆಬ್ಬೆರಳಿನಲ್ಲಿ ಸವರಿದರು. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡರು. ಆಮೇಲೆ ಎರಡು ಸಲ ಪೂರ್ತಿ ಓದಿದರು. ಅತ್ತರು, ಆದರೆ ಭಾವ ಹೆದರಿದ ಹಾಗೆ ಏನೂ ಆಗಲಿಲ್ಲ. ನೀರು ಕಾಯಿಸಲು ಹೇಳಿದರು. ಸೊಂಟದ ಗಾಯಕ್ಕೆ ತಲೆಸ್ನಾನ ಬೇಡ ಅಂದರೂ ಬಿಡಲಿಲ್ಲ, ಕುರ್ಚಿಯ ಮೇಲೆ ಕೂರಿಸಿ ಭಾವನ ಹೆಂಡತಿ ಸ್ನಾನ ಮಾಡಿಸಿದರು. ಮೂರು ದಿನ ಒಪ್ಪತ್ತು ಊಟ ಮಾಡಿದರು. ಒಳಗಿನ ಲಕೋಟೆಯನ್ನು ನಾಲ್ಕನೇ ದಿನ, ತಾವೇ, ಹೇರ್‌ಪಿನ್ನಿನಲ್ಲಿ ಅಂಚು ಬಿಡಿಸಿ ತೆಗೆದರು.

ನಿನ್ನೆ ಅಮ್ಮನಿಗೆ ಅತ್ತೆಯ ಇನ್‌ಲ್ಯಾಂಡ್ ಬಂತು. ಸಾಧನಕೇರಿಯವರ ಮಾತು ನೆನಪಿತ್ತು, ಅಮ್ಮನಿಗೆ ಕೊಡುವ ಮೊದಲು ವಿಳಾಸ ನೋಡಿದೆ. ಇಷ್ಟು ವರ್ಷ ಅತ್ತೆ ಅಮ್ಮನ ಹೆಸರಿನ ಹಿಂದೆ "ಸೌ||" ಅಂತ ಬರೆಯುತ್ತಿದ್ದರು. ಈ ಸಲ ಅದು ಇಲ್ಲ, ಬೇರೆ ಏನೂ ಇಲ್ಲ. ಹೆಸರು, ಕೆಳಗೆ ನಮ್ಮ ಮನೆಯ ವಿಳಾಸ. ಒಳಗೆ ಮೊದಲ ಸಾಲು: "ನನ್ನ ತಂಗಿಗೆ, ಅವನ ತಲೆ ನಿನ್ನ ಹೆಗಲ ಮೇಲೆ ಇತ್ತು ಅಂತ ಓದಿದೆ."

ಅಮ್ಮ ಅಷ್ಟು ಓದಿ ಮಡಚಿಟ್ಟಿದ್ದಾರೆ. ಉಳಿದದ್ದು ನಾಳೆ ಓದುತ್ತಾರಂತೆ. ಇವತ್ತು ಬೆಳಿಗ್ಗೆ ಅಂಚೆ ಕಚೇರಿಯಿಂದ ನಾಲ್ಕು ಇನ್‌ಲ್ಯಾಂಡ್ ತರಲು ತಮ್ಮನನ್ನು ಕಳಿಸಿದರು.